ಬೀಗದಪ್ಪನ ಮೇಲೆ ಬಂದ ಮಾತು

ಮೊನ್ನೆ ಅಂಗಿ ಇಸ್ತ್ರಿಗೆ ಕೊಡಲು ಬಂದ ಹೊಸ ಬಾಡಿಗೆಯವನೊಬ್ಬ ಎದುರು ಕಟ್ಟಡದ ಮೆಟ್ಟಿಲ ಕೆಳಗಿರುವ ಮುಚ್ಚಿದ ಗೂಡನ್ನು ತೋರಿಸಿ, ಅಲ್ಲಿ ಮೊದಲು ಒಬ್ಬ ಕಳ್ಳ ಬೀಗದವನು ಇದ್ದನಂತೆ, ಹೌದಾ ಎಂದು ಕೇಳಿದ. ನಾನು ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಅವನನ್ನು ಕೂರಿಸಿ, ಒಂದು ಗಂಟೆ ಹೊತ್ತು ಹೇಳಿದೆ. ಅವನಿಗೆ ಕೆಲಸಕ್ಕೆ ತಡವಾಯಿತು. ಆಗಲಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕೇಳಿದವರನ್ನೆಲ್ಲ ಕೂರಿಸಿ ಹೇಳಲು ನಾನಿನ್ನು ಎಷ್ಟು ದಿನ ಇರುತ್ತೇನೆ?

ಆ ಗೂಡು ಅಗಲಕ್ಕೆ ನಾಲ್ಕು ಮೊಳ, ಆಳಕ್ಕೆ ಮೂರು. ಮೇಲೆ ಮೆಟ್ಟಿಲು ಇಳಿಜಾರಾಗಿ ಬಂದಿರುವುದರಿಂದ ಬಾಗಿಲಲ್ಲಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಂತೆ ಬಗ್ಗಬೇಕು. ಅಷ್ಟರಲ್ಲಿ ಒಂದು ಮರದ ಮೇಜು, ಮೇಜಿಗೆ ಕೀ ಹಿಡಿಯುವ ಕಬ್ಬಿಣದ ಇಕ್ಕಳ, ಗೋಡೆಗೆ ಸಾಲಾಗಿ ಒಂಬತ್ತು ಅರಗಳು, ಒಂದು ಸ್ಟೂಲು. ಕಬ್ಬಿಣವನ್ನೂ ಹಿತ್ತಾಳೆಯನ್ನೂ ಆ ಅರಗಳಿಂದ ಉಜ್ಜಿ ಉಜ್ಜಿ ಅವನ ಎಡಗೈ ಹೆಬ್ಬೆರಳಿನ ಉಗುರು ಸವೆದು ಅರ್ಧವಾಗಿತ್ತು. ಎಲ್ಲರೂ ಅವನನ್ನು ಬೀಗದಪ್ಪ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಅವಳು ಬೇರೆ ಊರಿನ ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದಳು.

ಹಲ್ಲು ಕೊರೆಯದ ಹೊಸ ಕೀಯನ್ನು ಅವನು ಬೋಳು ಕೀ ಎಂದು ಕರೆಯುತ್ತಿದ್ದ. ತಡವಾಯಿತೆಂದು ಗಿರಾಕಿಗಳು ಗೊಣಗಿದರೆ, ಬೋಳು ಕೀಗೆ ಹಲ್ಲು ಬರೋಕೆ ಟೈಮ್ ಬೇಕು ಸ್ವಾಮಿ, ನನ್ನ ತಲೆ ನೋಡಿ, ಇನ್ನೂ ಕಾಯ್ತಾ ಇದೆ ಎಂದು ಬೋಳು ತಲೆ ಸವರಿಕೊಳ್ಳುತ್ತಿದ್ದ. ಇದನ್ನು ನಾನು ಸಾವಿರ ಸಲವಾದರೂ ಕೇಳಿರಬೇಕು. ಸಾವಿರದ ಒಂದನೇ ಸಲವೂ ಗಿರಾಕಿ ನಗುವ ಮೊದಲೇ ಅವನೇ ಜೋರಾಗಿ ನಗುತ್ತಿದ್ದ.

ಬಾಗಿಲ ಬಲಗಡೆಯ ಗೋಡೆಗೆ ಎರಡು ಮೊಳೆ ಹೊಡೆದು ಒಂದು ತಂತಿ ಕಟ್ಟಿದ್ದ. ತಂತಿಯ ತುಂಬ ಕೀಗಳು. ಗಾಳಿ ಬಂದರೆ ಕಿಣಿಕಿಣಿ ಎನ್ನುತ್ತಿದ್ದವು. ನಡುವೆ ಒಂದು ಬೀದಿ ಬಿಟ್ಟುಕೊಂಡು ಹತ್ತೊಂಬತ್ತು ವರ್ಷ ನಾನು ಆ ಸದ್ದು ಕೇಳಿದ್ದೆ, ಅವು ಯಾವ ಕೀಗಳು ಎಂದು ಒಂದು ದಿನವೂ ಅವನನ್ನು ಕೇಳಿರಲಿಲ್ಲ. ಗಿರಾಕಿಗಳು ಕಳೆದುಕೊಂಡು ಬಂದರೆ ಕೊಡಲೆಂದು ಪ್ರತಿಯೊಬ್ಬರ ಕೀಗೂ ಒಂದು ಜೋಡಿ ಮಾಡಿ ಇಟ್ಟುಕೊಂಡಿರುತ್ತಾನೆ ಎಂದುಕೊಂಡಿದ್ದೆ. ನಾನೇ ಅಂದುಕೊಂಡದ್ದು, ಯಾರೂ ಹೇಳಿದ್ದಲ್ಲ.

ಈಗ ನಡೆದದ್ದು. ಆ ಕಟ್ಟಡದಲ್ಲಿ ಕೆಳಗೆ ಯಜಮಾನರು ಇದ್ದರು. ಮೇಲೆ ಎರಡು ಮಹಡಿಗಳಲ್ಲಿ ನಾಲ್ಕು ಬಾಡಿಗೆ ಮನೆಗಳು. ಮೊದಲನೆಯ ಮಹಡಿಯಲ್ಲಿ ಮೇಷ್ಟ್ರದು, ಮತ್ತೆ ಹೊಸದಾಗಿ ಮದುವೆಯಾದ ಬಸ್ ಕಂಡಕ್ಟರನದು. ಎರಡನೆಯದರಲ್ಲಿ ನರ್ಸಮ್ಮನದು, ಮತ್ತೆ ಒಂಟಿಯಾಗಿದ್ದ ಟೈಪಿಸ್ಟನದು. ನಾಲ್ಕೂ ಮನೆಯ ಬಟ್ಟೆ ನನ್ನ ಮೇಜಿಗೇ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರ ಮನೆಯವರು ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಿ ಬರುವಷ್ಟರಲ್ಲಿ ಮನೆಯಲ್ಲಿ ಕಳ್ಳತನವಾಗಿತ್ತು. ಮೇಷ್ಟ್ರ ಹೆಂಡತಿಯ ಎರಡು ಬಳೆ, ಮೇಷ್ಟ್ರ ಕೈಗಡಿಯಾರ, ಒಂದು ಹೊಸ ಕಂಬಳಿ ಹೋಗಿದ್ದವು. ಬೀಗ ಒಡೆದಿರಲಿಲ್ಲ. ಕಳ್ಳ ಹೋಗುವಾಗ ಅದನ್ನು ಒತ್ತಿ ಹಾಕಿಯೇ ಹೋಗಿದ್ದ. ಪೊಲೀಸರು ಬಂದು ಬರೆದುಕೊಂಡು ಹೋದರು. ಅಲ್ಲಿಗೆ ಅದು ಮುಗಿಯಿತು.

ಸೋಮವಾರ ಬೆಳಿಗ್ಗೆ ನಾನು ಟೈಪಿಸ್ಟನ ನೀಲಿ ಅಂಗಿಯ ಕಾಲರು ತಿಕ್ಕುತ್ತಿದ್ದೆ. ನರ್ಸಮ್ಮನ ಅತ್ತೆ ಸೊಸೆಯ ಐದು ಬಿಳಿ ಕೋಟು ಹೊತ್ತು ಬಂದರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಬೀಗ ಒಡೆದಿಲ್ಲವಂತೆ ಕಣೆ, ಮತ್ತೆ ಒಳಗೆ ಹೇಗೆ ಬಂದ ಎಂದು ಕೇಳಿದರು. ನಾನು ತಲೆ ಎತ್ತದೆಯೇ ಹೇಳಿದೆ:

"ಬೀಗ ಒಡೆದಿಲ್ಲ ಅಂದ್ರೆ ಕೀ ಇದ್ದವನೇ ಬಂದಿರಬೇಕು. ಬೀಗದಪ್ಪನ ತಂತಿ ತುಂಬ ಕೀ ತೂಗ್ತಾ ಇರುತ್ತೆ."

ನಾನು ಆಡಿದ್ದು ಇಷ್ಟೇ. ಇದಕ್ಕೆ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅತ್ತೆಮ್ಮ ತಿರುಗಿ ಎದುರಿಗೆ ನೋಡಿದರು. ಹೂಂ ಎಂದರು. ಯಾವತ್ತೂ ಬಟ್ಟೆಯನ್ನು ಎರಡೆರಡು ಸಲ ಎಣಿಸಿ ಕೊಡುವವರು ಅವತ್ತು ಎಣಿಸದೇ ಹೋದರು.

ಮೂರನೇ ದಿನಕ್ಕೆಲ್ಲ ಬೀಗದಪ್ಪನ ಗೂಡಿಗೆ ಜನ ಬರುವುದು ಕಡಿಮೆಯಾಯಿತು. ವಾರದ ಮೇಲೆ ನಿಂತೇ ಹೋಯಿತು. ಮೇಲಿನ ಮನೆಗಳವರು ದೂರದ ಅಂಗಡಿಯಿಂದ ಹೊಸ ಬೀಗ ತಂದು, ಅವನ ಕಣ್ಣೆದುರಿಗೇ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹಳೇ ಗಿರಾಕಿಯೊಬ್ಬರು ಕೆಟ್ಟ ಬೀಗವನ್ನು ಚೀಲದಲ್ಲಿ ಮುಚ್ಚಿಕೊಂಡು ಬೀದಿಯ ನನ್ನ ಮಗ್ಗುಲಿಗೆ ದಾಟಿ ನಡೆದರು. ಬೀಗದಪ್ಪ ಸ್ಟೂಲಿನ ಮೇಲೆ ಕೂತು ಒಂಬತ್ತು ಅರಗಳನ್ನೂ ಬ್ರಷ್ಷಿನಿಂದ ಉಜ್ಜಿ ತೊಳೆದ. ಮಾರನೆಯ ದಿನವೂ ಅದನ್ನೇ ಮಾಡಿದ.

ಆಮೇಲೆ ಯಜಮಾನರು ಕರೆಸಿದರು. ನಾನು ಅವರ ಬಟ್ಟೆ ಕೊಡಲು ಹೋಗಿ ಜಗಲಿಯಲ್ಲೇ ನಿಂತಿದ್ದೆ. ಯಜಮಾನರು ಕೆಟ್ಟವರಲ್ಲ, ಆದರೆ ಬಾಡಿಗೆಯವರು ಮುಖ ಗಂಟು ಹಾಕಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನನಗೇನೂ ನಿನ್ನ ಮೇಲೆ ಅನುಮಾನ ಇಲ್ಲ, ಆದರೆ ಎಲ್ಲರೂ ಹೇಳ್ತಿದಾರೆ, ತಿಂಗಳ ಕೊನೆಗೆ ಗೂಡು ಬಿಟ್ಟುಕೊಡು ಎಂದರು. ಅಂದಿಗೆ ತಿಂಗಳು ಮುಗಿಯಲು ಹದಿನೇಳು ದಿನ ಇತ್ತು. ಹತ್ತೊಂಬತ್ತು ವರ್ಷ ಕೂತ ಜಾಗ. ಬೇರೆ ಕಡೆ ಹೋಗೋಣವೆಂದರೆ, ಕಳ್ಳನೆನಿಸಿಕೊಂಡು ಬಂದ ಬೀಗದವನಿಗೆ ಯಾರು ತಮ್ಮ ಮನೆಯ ಕೀ ಕೊಡುತ್ತಾರೆ? ಗೂಡು ಹೋದರೆ ಕಸುಬೇ ಹೋದಂತೆ.

ಅವನು ಬೇಡಿಕೊಳ್ಳಲಿಲ್ಲ. "ಎಲ್ಲರೂ ಅಂದ್ರೆ ಯಾರು ಯಜಮಾನ್ರೆ?" ಎಂದು ಕೇಳಿದ. ಯಜಮಾನರು ಊರುಗೋಲಿನಿಂದ ನೆಲ ಕೆರೆದರು.

ಮಾರನೆಯ ದಿನ ಸಂಜೆ ಅವನು ತಂತಿಯನ್ನು ಮೊಳೆಯಿಂದ ಬಿಚ್ಚಿ, ಹಾಗೇ ಹಾರದ ಹಾಗೆ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹತ್ತಿದ. ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು, ನಾನೂ ಹೋದೆ. ಆ ಕೀಗಳು ಏನೆಂದು ಅವತ್ತು ಮೊದಲ ಸಲ ಅವನ ಬಾಯಿಂದ ಕೇಳಿದೆವು. ಎಲ್ಲವೂ ಕೆಟ್ಟ ಕೀಗಳು. ಕೊರೆಯುವಾಗ ಅರ ಒಂದು ಕೂದಲೆಳೆಯಷ್ಟು ಹೆಚ್ಚು ಓಡಿದರೂ ಕೀ ಬೀಗಕ್ಕೆ ಬಾರದು, ಬೇರೆಯದೇ ಮಾಡಬೇಕು. ಕೆಟ್ಟದ್ದನ್ನು ಎಸೆಯಬೇಡ, ಕಣ್ಣೆದುರಿಗೆ ನೇತುಹಾಕು, ನೋಡ್ತಾ ಇದ್ದರೆ ಕೈ ಹುಷಾರಾಗಿರುತ್ತೆ ಎಂದು ಕಸುಬು ಕಲಿಸಿದ ಗುರು ಹೇಳಿದ್ದರಂತೆ. ನೇತುಹಾಕುವ ಮುಂಚೆ ಪ್ರತಿಯೊಂದರ ಹಲ್ಲಿಗೂ ಅಡ್ಡಕ್ಕೆ ಒಂದು ಗೀರು ಕೊರೆಯುತ್ತಿದ್ದ, ಯಾರ ಕೈಗೆ ಸಿಕ್ಕರೂ ಯಾವ ಬೀಗವೂ ತೆಗೆಯದಿರಲಿ ಎಂದು. ನೋಡಿದೆವು. ಎಲ್ಲದರ ಮೇಲೂ ಗೀರು ಇತ್ತು.

ಅಷ್ಟಕ್ಕೆ ಬಿಡಲಿಲ್ಲ. ಕಳ್ಳತನವಾದ ದಿನ ಹಾಕಿದ್ದ ಬೀಗವನ್ನು ತರಿಸಿ, ಮೇಷ್ಟ್ರ ಹೆಂಡತಿಯ ಕೈಯಿಂದಲೇ ಒಂದೊಂದು ಕೀಯನ್ನೂ ಹಾಕಿಸಿ ತಿರುಗಿಸಿದ. ನೂರ ಹದಿನೇಳು ಕೀ. ಆಕೆಯ ಬೆರಳು ಕೆಂಪಾದವು. ಸಾಕು ಬಿಡಪ್ಪ ಎಂದರೂ, ಇನ್ನೂ ನಲವತ್ತಿವೆ ಅಮ್ಮ ಎಂದು ಮುಂದಿನದನ್ನು ಕೊಟ್ಟ. ಒಂದೂ ತಿರುಗಲಿಲ್ಲ.

ಅವನು ತಂತಿ ಎತ್ತಿಕೊಂಡು ಕೆಳಗಿಳಿದ ಮೇಲೆ ಟೈಪಿಸ್ಟ್ ಮೆಲ್ಲಗೆ, ಆ ಒಂದನ್ನ ಮೊದಲೇ ಬಿಚ್ಚಿಟ್ಟು ಬಂದಿರ್ತಾನೆ ಬಿಡಿ ಎಂದ. ಯಾರೋ ಹೌದು ಎಂದರು. ಇರಬಹುದು ಎಂದವಳು ನಾನು. ಗೀರನ್ನು ನೋಡಿದ ಮೇಲೂ ಅಂದೆ. ನಾನು ಹತ್ತೊಂಬತ್ತು ವರ್ಷ ತಪ್ಪು ತಿಳಿದಿದ್ದೆ ಎಂದು ಆ ಮೆಟ್ಟಿಲ ಮೇಲೆ ಹೇಳಬಹುದಿತ್ತು. ಮಾತು ನನ್ನಿಂದ ಹುಟ್ಟಿದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ. ಊರೆಲ್ಲ ಹೇಳುತ್ತಿದೆ, ಅದರಲ್ಲಿ ನನ್ನದೊಂದು ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಅವನ ಮಗಳು ಬಂದಳು. ಗೂಡಿನ ಮುಂದೆ ನಿಂತು ಬಹಳ ಹೊತ್ತು ಕರೆದಳು. ಅಪ್ಪಾ, ಇವರ ಸಹವಾಸ ಸಾಕು, ನನ್ನ ಜೊತೆ ಬಂದುಬಿಡು, ಎರಡು ಹೊತ್ತು ಅನ್ನ ನಾನು ಹಾಕ್ತೀನಿ ಎಂದಳು. "ಬರ್ತೀನಿ ಮಗಳೇ. ಆದ್ರೆ ಈಗ ಬಂದ್ರೆ ಓಡಿ ಬಂದ ಹಾಗಾಗುತ್ತೆ. ನಿನ್ನ ಬೀದೀಲಿ ನಾಳೆ ಯಾರ ಮನೇಲಿ ಏನು ಹೋದ್ರೂ ನನ್ನ ಮುಖ ನೋಡ್ತಾರೆ, ಆಮೇಲೆ ನಿನ್ನ ಮುಖ." ಮಗಳು ಅತ್ತು ಹೋದಳು. ಅವನು ಅವಳನ್ನು ಬಸ್ಸು ಹತ್ತಿಸಿ ಬಂದು, ಅರಗಳನ್ನು ಗೋಡೆಗೆ ತೂಗುಹಾಕಿ, ಮಧ್ಯಾಹ್ನದ ಹೊತ್ತಿನಲ್ಲೇ ಗೂಡಿನ ಬಾಗಿಲು ಹಾಕಿದ. ಅವನು ಹಗಲಲ್ಲಿ ಹಾಗೆ ಹಾಕಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಮಾತು ಎಲ್ಲಿ ಹುಟ್ಟಿತೆಂದು ಹುಡುಕಲು ಹೊರಟಿದ್ದ. ಜಗಳವಿಲ್ಲ, ಕೂಗಾಟವಿಲ್ಲ. ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ, ನಿಮಗೆ ಯಾರು ಹೇಳಿದ್ರು? ಯಜಮಾನರನ್ನು ಮತ್ತೆ ಕೇಳಿ ಕೇಳಿ ಟೈಪಿಸ್ಟನ ಹೆಸರು ಹೊರಡಿಸಿದ. ಬೀಗದಪ್ಪ ಹಿಂದೆ ಇದ್ದ ಊರಲ್ಲೂ ಹೀಗೇ ಸಿಕ್ಕಿಬಿದ್ದಿದ್ದ ಎಂದು ಟೈಪಿಸ್ಟ್ ಯಜಮಾನರಿಗೆ ಹೇಳಿದ್ದನಂತೆ. ಟೈಪಿಸ್ಟನಿಗೆ ಹೇಳಿದ್ದವಳು ಕಂಡಕ್ಟರನ ಹೆಂಡತಿ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬೀಗದಪ್ಪ ಮೆಟ್ಟಿಲು ಹತ್ತಿ ಬಂದು ಬಾಗಿಲು ನೋಡ್ತಾನೆ ಎಂದಿದ್ದಳಂತೆ. ಅವಳು ಹೆರಿಗೆಗೆ ತಾಯಿಯ ಮನೆಗೆ ಹೋಗಿದ್ದಳು. ಅವಳಿಗೆ ಹೇಳಿದ್ದು ಅತ್ತೆಮ್ಮ ಎಂದು ಕಂಡಕ್ಟರನೇ ಹೇಳಿದ. ತಂತಿಯಲ್ಲಿ ಮನೆಗೊಂದರಂತೆ ಕೀ ಇದೆ ಎನ್ನುವ ಮಾತು ಅತ್ತೆಮ್ಮನದು. ಅತ್ತೆಮ್ಮನನ್ನು ಕೇಳಿದಾಗ, ನಾನೇನು ಹೊಟ್ಟೇಲಿ ಹುಟ್ಟಿಸಿದ್ನಾ, ಇಸ್ತ್ರಿಯವಳು ಹೇಳಿದ್ಲು ಎಂದರಂತೆ.

ಬುಧವಾರ ಬೆಳಿಗ್ಗೆ ಅವನು ಬೀದಿ ದಾಟಿ ನನ್ನ ಮೇಜಿನ ಮುಂದೆ ನಿಂತ. ಮೇಲಿನಿಂದ ಕೆಳಗಿನವರೆಗೆ ಯಾರು ಯಾರಿಗೆ ಏನು ಹೇಳಿದರು ಎಂದು ಸಾಲಾಗಿ ಹೇಳಿ ಮುಗಿಸಿದ. ನನ್ನ ಕೈ ನಿಂತುಬಿಟ್ಟಿತ್ತು.

"ಅಕ್ಕ, ಪೆಟ್ಟಿಗೆ ಎತ್ತಿ. ಬಟ್ಟೆ ಸುಡುತ್ತೆ."

ಎತ್ತಿದೆ. ಬಿಳಿ ಕೋಟಿನ ಬೆನ್ನಿನ ಮೇಲೆ ಕಂದು ಕಲೆ ಬಿದ್ದಿತ್ತು.

"ನಾನು ಸುಳ್ಳು ಹೇಳಿಲ್ಲ ಬೀಗದಪ್ಪ," ಎಂದೆ. "ಬೀಗ ಒಡೆದಿರಲಿಲ್ಲ, ಅದು ನಿಜ. ನಿನ್ನ ತಂತೀಲಿ ಕೀ ಇವೆ, ಅದೂ ನಿಜ."

"ಎರಡೂ ನಿಜಾನೇ. ಒಂದು ಹೇಳಿ ಇನ್ನೊಂದು ಹೇಳೋಕೆ ಮುಂಚೆ ಎಷ್ಟು ಹೊತ್ತು ಬಿಟ್ರಿ?"

ನಾನು ಯೋಚಿಸಿದೆ. ಬಿಟ್ಟಿರಲಿಲ್ಲ.

"ಒಂದೇ ಉಸಿರು."

"ಆ ಉಸಿರಲ್ಲೇ ನಾನು ಕಳ್ಳ ಆದೆ ಅಕ್ಕ."

ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. ತಪ್ಪಾಯ್ತು ಅಂತ ನನ್ನ ಹತ್ರ ಹೇಳಿದ್ರೆ ನನಗೊಬ್ಬನಿಗೇ ಕೇಳುತ್ತೆ, ನಾನು ಕಳ್ಳ ಅಲ್ಲ ಅಂತ ನನಗೆ ಮೊದಲೇ ಗೊತ್ತು ಎಂದ. ನಾನೇ ಹೋಗಿ ಕಳ್ಳ ಅಲ್ಲ ಎಂದರೆ ಕಳ್ಳನೂ ಅದನ್ನೇ ಹೇಳುತ್ತಾನೆ ಎಂದ. ಆಮೇಲೆ ಕೊನೆಗೆ ಹೇಳಿದ್ದು ಇದು: "ನೀವು ಹೋಗಿ. ನಾನು ಒಳ್ಳೆಯವನು ಅಂತ ಹೇಳಬೇಡಿ. ಅವತ್ತು ಏನು ನೋಡಿದ್ರಿ, ಏನು ನೋಡಲಿಲ್ಲ, ಅಷ್ಟು ಹೇಳಿ." ಮತ್ತೆ ಬೀದಿ ದಾಟಿ ಹೋಗಿ ಸ್ಟೂಲಿನ ಮೇಲೆ ಕೂತ.

ಆ ದಿನ ಉಳಿದ ಬಟ್ಟೆಯನ್ನೆಲ್ಲ ತಿಕ್ಕಿ ಮುಗಿಸಿದೆ. ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನನಗೆ ಇಪ್ಪತ್ತೊಂಬತ್ತಾಗಿದ್ದಾಗ ನನ್ನ ಗಂಡ ಸತ್ತ. ಹೊಟ್ಟೆಪಾಡಿಗೆ ಈ ಮೇಜು ಹಾಕಿಕೊಂಡಾಗ, ಹೊತ್ತು ಹೊತ್ತಿಗೆ ಗಂಡಸರ ಅಂಗಿ ಹಿಡಿದು ಕೂರುವವಳು ಎಂದು ನನ್ನ ಬಗ್ಗೆಯೂ ಜನ ಆಡಿದ್ದರು. ಅದರಲ್ಲೂ ಸುಳ್ಳಿರಲಿಲ್ಲ. ನಾನು ಗಂಡಸರ ಅಂಗಿಯನ್ನು ಹಿಡಿಯುತ್ತಿದ್ದೆ, ದಿನಕ್ಕೆ ನಲವತ್ತು. ಎಂಟು ವರ್ಷ ಆ ಮಾತಿನ ಕೆಳಗೆ ತಲೆ ಬಗ್ಗಿಸಿ ನಡೆದಿದ್ದವಳು ನಾನು. ನಾಲಿಗೆಗೆ ಎಲುಬಿಲ್ಲ ಎಂದು ಜನರನ್ನು ಶಪಿಸಿದ್ದವಳು. ನನ್ನ ಬಾಯಲ್ಲೂ ಇರುವುದು ಅಂಥದೇ ನಾಲಿಗೆ ಎಂದು ತಿಳಿಯಲು ಅರವತ್ತೆರಡು ವರ್ಷ ಬೇಕಾಯಿತು. ಸುಳ್ಳು ಹೇಳದವಳು ಎಂಬ ಧೈರ್ಯ ನನಗೆ ಬಹಳ ಇತ್ತು. ಆ ಧೈರ್ಯದಿಂದಲೇ ಬಾಯಿಗೆ ಕಾವಲು ಇಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಇದ್ದಿಲು ಹೊತ್ತಿಸದೆ ಹೊರಟೆ. ಮೊದಲು ಅತ್ತೆಮ್ಮ. ಸುಟ್ಟ ಕೋಟನ್ನು ಮೊದಲು ಕೈಗೆ ಕೊಟ್ಟು ಅದರ ಬೈಗುಳ ತಿಂದೆ. ಆಮೇಲೆ ವಿಷಯಕ್ಕೆ ಬಂದೆ. ತಂತಿ ನೋಡಿದ್ದೇನೆ, ಕೀ ನೋಡಿದ್ದೇನೆ, ಯಾರ ಮನೆಯ ಕೀಯೂ ಅಲ್ಲಿ ನೋಡಿಲ್ಲ, ಬೀಗದಪ್ಪ ಮೆಟ್ಟಿಲು ಹತ್ತಿದ್ದನ್ನು ನೋಡಿಲ್ಲ, ಕಳ್ಳತನವಾದ ಭಾನುವಾರ ನಾನು ಅಂಗಡಿಯನ್ನೇ ತೆಗೆದಿರಲಿಲ್ಲ ಎಂದೆ.

"ಈಗ ಬಂದು ಹೀಗಂದ್ರೆ? ನೀನೇ ತಾನೇ ಬಾಯಿ ಬಿಟ್ಟಿದ್ದು."

"ಬಿಟ್ಟವಳೇ ಮುಚ್ಚೋಕೆ ಬಂದಿದೀನಿ. ಮನೆಗೊಂದು ಕೀ ಅಂತ ನಾನು ಅಂದಿದ್ನಾ ಅತ್ತೆಮ್ಮ?"

ಅವರು ಕೋಟಿನ ಕಲೆಯನ್ನು ಉಗುರಿನಿಂದ ಕೆರೆದರು. ಮನೆಗೊಂದು ಅಂತ ನೀನು ಅನ್ನಲಿಲ್ಲ, ತುಂಬ ಇದ್ದಾವೆ ಅಂದಮೇಲೆ ನಮ್ಮದೂ ಇರುತ್ತಲ್ಲ ಎಂದುಕೊಂಡೆ ಎಂದರು. ನಾನೂ ಹಾಗೇ ಅಂದುಕೊಂಡವಳು ಎಂದೆ. ಇಬ್ಬರೂ ಒಟ್ಟಿಗೆ ಮೇಷ್ಟ್ರ ಮನೆಗೆ ಇಳಿದೆವು.

ಮೇಷ್ಟ್ರ ಹೆಂಡತಿ ಎಲ್ಲ ಕೇಳಿಸಿಕೊಂಡರು. ಕಳೆದುಕೊಂಡವರು ಅವರು. ಕೊನೆಗೆ ಒಂದೇ ಮಾತು ಕೇಳಿದರು: "ಹಾಗಾದ್ರೆ ಕದ್ದವರು ಯಾರು?"

"ಗೊತ್ತಿಲ್ಲ ತಾಯಿ. ಆ ಸೋಮವಾರ ನಾನು ಹೇಳಬೇಕಾಗಿದ್ದ ಮಾತು ಅದೊಂದೇ. ಗೊತ್ತಿಲ್ಲ ಅಂತ."

ಆಕೆ ಬಾಗಿಲ ಚೌಕಟ್ಟಿಗೆ ಒರಗಿದರು. ಬಳೆ ಹೋದ ದಿನದಿಂದ ಯಾರಾದರೊಬ್ಬರ ಮುಖ ಬೇಕಿತ್ತು ನನಗೆ, ಸಿಕ್ಕಿದ ಮುಖ ಹಿಡಿದುಕೊಂಡೆ ಎಂದರು. ಯಜಮಾನರ ಹತ್ತಿರ ನಾ ಹೇಳ್ತೀನಿ ಎಂದರು.

ಟೈಪಿಸ್ಟ್ ಸಂಜೆ ಆಫೀಸಿನಿಂದ ಬರುವವರೆಗೆ ಮೆಟ್ಟಿಲಲ್ಲೇ ಕಾದೆ. ಹಿಂದಿನ ಊರಲ್ಲಿ ಸಿಕ್ಕಿಬಿದ್ದದ್ದು ನಿಮಗೆ ಹೇಳಿದವರು ಯಾರು ಎಂದು ಕೇಳಿದೆ. ಅವನು ಕೆಮ್ಮಿದ, ಕನ್ನಡಕ ಒರೆಸಿದ. ಯಾರೂ ಹೇಳಿರಲಿಲ್ಲ. ಇಂಥವರು ಎಲ್ಲಾದರೂ ಸಿಕ್ಕಿಬಿದ್ದೇ ಇರ್ತಾರೆ ಅಂತ ಒಂದು ಅಂದಾಜು ಎಂದ. ನೀವು ಅಂದಾಜಿನ ಮೇಲೆ ಟೈಪ್ ಮಾಡಿದ್ರೆ ಆಫೀಸಿನಲ್ಲಿ ಬಿಡ್ತಾರಾ ಸಾರ್ ಎಂದು ಕೇಳಿದೆ. ಅವನು ಚೀಲವನ್ನು ಬಾಗಿಲಲ್ಲೇ ಇಟ್ಟು ನನ್ನ ಜೊತೆ ಕೆಳಗಿಳಿದ.

ಯಜಮಾನರು ಎಲ್ಲವನ್ನೂ ಕೇಳಿದರು. ಬೆಂಕಿ ಇಲ್ಲದೆ ಹೊಗೆ ಆಡುತ್ತೇನಮ್ಮ ಎಂದರು.

"ಇದ್ದಿಲು ಹಸಿಯಿದ್ರೆ ಆಡುತ್ತೆ ಯಜಮಾನ್ರೆ. ಕೆಂಡ ಬೊಗಸೆಯಷ್ಟೂ ಇರಲ್ಲ, ಬೀದಿಯೆಲ್ಲ ಕೆಮ್ಮುತ್ತೆ. ಮೂವತ್ಮೂರು ವರ್ಷದಿಂದ ಊದ್ತಾ ಇದೀನಿ."

ಅವರಿಗೆ ನಗು ಬಂತು, ನುಂಗಿಕೊಂಡರು. ಆದರೆ ಬಗ್ಗಲಿಲ್ಲ. ಮೂರು ಮನೆಯವರು ಸರಿ ಎಂದರೂ ಕಂಡಕ್ಟರನ ಮನೆ ಉಳಿದಿದೆ, ಆ ಹುಡುಗಿ ಈ ಕಟ್ಟಡಕ್ಕೇ ಕಾಲಿಡಲ್ಲ ಅಂತಿದ್ದಾಳಂತೆ, ಅವಳು ಒಪ್ಪಿದರೆ ಬೀಗದವನು ಇರಲಿ, ಇಲ್ಲದಿದ್ದರೆ ನಾನು ಮೊದಲು ಹೇಳಿದ್ದೇ ಎಂದರು. ತಿಂಗಳು ಮುಗಿಯಲು ಆರು ದಿನ ಇತ್ತು.

ಕಂಡಕ್ಟರ್ ತನ್ನ ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದ. ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ದಾರಿಯಲ್ಲಿ ಅವನು ಹೆಂಡತಿಯ ಸುದ್ದಿ ಹೇಳಿದ. ಮಗು ಹುಟ್ಟಿ ಹದಿನೆಂಟು ದಿನವಾಗಿತ್ತು. ಹುಡುಗಿಗೆ ನಿದ್ದೆಯಿಲ್ಲವಂತೆ. ಕೂಸನ್ನು ಕರೆದುಕೊಂಡು ಕಳ್ಳನ ತಲೆಯ ಮೇಲಿನ ಮನೆಗೆ ಬರಲಾರೆ ಎಂದು ಅಳುತ್ತಾಳಂತೆ. ನಾನು ಬೀಗದಪ್ಪ ಒಬ್ಬನಿಗೇ ಕೇಡು ಮಾಡಿದ್ದೇನೆ ಎಂದುಕೊಂಡಿದ್ದೆ.

ಹುಡುಗಿ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಖುಷಿಪಟ್ಟಳು, ಬಂದ ಕಾರಣ ಹೇಳಿದ ಮೇಲೆ ಮುಖ ಬಿಗಿದುಕೊಂಡಳು. ಬೇರೆಯವರು ಹೇಳಿದ್ದನ್ನ ನೀವು ವಾಪಸ್ ತಗೋಬಹುದು, ನಾನು ಕಿವಿಯಾರೆ ಕೇಳಿದ್ದನ್ನ ಏನು ಮಾಡ್ತೀರಿ ಎಂದಳು.

"ಏನು ಕೇಳಿದೆ ಮಗಳೇ? ನಿಧಾನಕ್ಕೆ ಹೇಳು, ಬಿಡದೆ ಹೇಳು."

"ಹೆಜ್ಜೆ ಸದ್ದು, ಅಜ್ಜಿ. ಮಧ್ಯಾಹ್ನ. ಮೆಟ್ಟಿಲು ಹತ್ತಿ ಬರುತ್ತೆ, ನಮ್ಮ ಬಾಗಿಲ ಹತ್ರ ನಿಲ್ಲುತ್ತೆ. ಉಸಿರು ಬಿಡೋದು ಕೇಳಿಸುತ್ತೆ. ಆಮೇಲೆ ಮೇಲಕ್ಕೆ ಹೋಗಿ, ಸ್ವಲ್ಪ ಹೊತ್ತಿಗೆ ಇಳಿದು ಹೋಗುತ್ತೆ."

"ದಿನಾ ಬರುತ್ತಾ?"

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ದಿನಾ ಅಲ್ಲ. ಮಂಗಳವಾರ, ಶುಕ್ರವಾರ.

ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಮಂಗಳವಾರ, ಶುಕ್ರವಾರ ಟೈಪಿಸ್ಟನ ಅಂಗಿಗಳ ದಿನ. ಅವನು ಆಫೀಸಿಗೆ ಹೋಗಿರುತ್ತಾನೆ, ಗಂಟನ್ನು ಅವನ ಬಾಗಿಲ ಚಿಲಕಕ್ಕೆ ನೇತುಹಾಕಿ ಬರುತ್ತೇನೆ. ನನ್ನ ಬಲಗಾಲ ಮಂಡಿ ಒಂದೇ ಸಲಕ್ಕೆ ಒಂದು ಮಹಡಿಗಿಂತ ಹೆಚ್ಚು ಹತ್ತಲು ಬಿಡುವುದಿಲ್ಲ. ಮೊದಲನೆಯ ಮಹಡಿಯಲ್ಲಿ, ಇವಳ ಬಾಗಿಲ ಮುಂದೆ, ಗೋಡೆ ಹಿಡಿದು ದಮ್ಮು ತೆಗೆದುಕೊಂಡೇ ಮುಂದೆ ಹೋಗಬೇಕು.

ಬಾಯಲ್ಲಿ ಹೇಳಿದರೆ ಸಾಲದು ಎನಿಸಿತು. ಬಾಯಿಯ ಮಾತು ಎಷ್ಟು ದೂರ ಹೋಗುತ್ತದೆ ಎಂದು ಅಷ್ಟರಲ್ಲಿ ನೋಡಿದ್ದೆನಲ್ಲ. ಅವರ ಮನೆಯ ಮಹಡಿಗೂ ಹೊರಗಿನಿಂದ ಮೆಟ್ಟಿಲಿತ್ತು. ನೀನು ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರು ಎಂದು ಕಳಿಸಿದೆ. ಅವಳ ತಾಯಿಯಿಂದ ಒಂದು ಬಟ್ಟೆಗಂಟು ಕೇಳಿ ಇಸಿದುಕೊಂಡು, ಯಾವತ್ತೂ ಹತ್ತುವ ಹಾಗೆಯೇ ಹತ್ತಿದೆ. ಎಡಗಾಲು ಮೇಲೆ, ಬಲಗಾಲು ಎಳೆದು ಪಕ್ಕಕ್ಕೆ. ಬಾಗಿಲ ಮುಂದೆ ನಿಂತೆ. ನಟಿಸಬೇಕಾಗಿರಲಿಲ್ಲ, ಉಸಿರು ತಾನಾಗಿಯೇ ಬಂತು.

ಆಮೇಲೆ ಬಾಗಿಲು ತೆರೆಯಿತು. ಹುಡುಗಿಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಅಯ್ಯೋ ಅಜ್ಜಿ, ನಿಮಗೆ ಹೆದರಿ ನಾನು ಬಾಗಿಲಿಗೆ ಕುರ್ಚಿ ಒತ್ತಿ ಇಡ್ತಿದ್ದೆ."

"ಇನ್ನು ಮೇಲೆ ಆ ಕುರ್ಚಿ ಹೊರಗಿಡು. ಕೂತು ಹೋಗ್ತೀನಿ."

ಅವಳು ನಕ್ಕ ಸದ್ದಿಗೆ ಕೆಳಗೆ ಮಗು ಎದ್ದು ಅಳತೊಡಗಿತು. ಯಜಮಾನರಿಗೆ ಏನು ಹೇಳಲಿ ಎಂದು ಕೇಳಿದೆ. ಅವಳು ಏನೂ ಹೇಳಿ ಕಳಿಸಲಿಲ್ಲ. ಪೆಟ್ಟಿಗೆ ತೆರೆದು ತನ್ನ ಮನೆಯ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಮುಂದಿನ ವಾರ ಬರ್ತೀನಿ, ಜೊತೆಗೆ ಅಮ್ಮನೂ ಬರ್ತಾಳೆ, ಇವರ ಹತ್ರ ಒಂದು ಕೀ ಇದೆ, ಅಮ್ಮನಿಗೆ ಬೇರೆ ಬೇಕಾಗುತ್ತೆ, ಇದಕ್ಕೊಂದು ಜೋಡಿ ಮಾಡಿಸಿಡಿ ಎಂದಳು. ಯಾರ ಹತ್ತಿರ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ಬಸ್ಸಿನ ದಾರಿಯುದ್ದಕ್ಕೂ ಆ ಕೀಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಬೀಗದಪ್ಪನಿಗೆ ಕೊಟ್ಟಾಗ ಅವನು ಅದನ್ನು ಬೆಳಕಿಗೆ ಹಿಡಿದು, ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ, ನಾಳೆ ಆಗುತ್ತೆ ಎಂದ. ಅಷ್ಟೇ ಎಂದ. ಮೂರು ವಾರಗಳಲ್ಲಿ ಅವನ ಕೈಗೆ ಬಂದ ಮೊದಲ ಕೆಲಸ ಅದು.

ತಿಂಗಳ ಕೊನೆಯ ದಿನ ಹತ್ತು ಗಂಟೆಗೆ ಯಜಮಾನರು ಊರುಗೋಲು ಊರಿಕೊಂಡು ಬಂದರು. ನಾನು ಆಗಲೇ ಗೂಡಿನ ಮುಂದೆ ನಿಂತಿದ್ದೆ. ಕಂಡಕ್ಟರನ ಹೆಂಡತಿ ಏನಂದಳು ಎಂದು ನನ್ನನ್ನು ಕೇಳಿದರು. ನಾನು ಒಳಗೆ ತೋರಿಸಿದೆ. ಬೀಗದಪ್ಪ ಇಕ್ಕಳದಲ್ಲಿ ಎರಡು ಕೀಗಳನ್ನು ಜೋಡಿಸಿ ಹಿಡಿದು, ಸಣ್ಣ ಅರದಿಂದ ಕೊನೆಯ ಹಲ್ಲು ತಿದ್ದುತ್ತಿದ್ದ. ಯಾರದು ಇದು ಎಂದು ಯಜಮಾನರು ಅವನನ್ನೇ ಕೇಳಿದರು. ಅವನು ತಲೆ ಎತ್ತಲಿಲ್ಲ. ಕೀ ಯಾರದೆಂದು ಬೇರೆಯವರಿಗೆ ಹೇಳುವುದು ಅವನ ಕಸುಬಿನಲ್ಲಿ ಇಲ್ಲ. ಕೂರುವ ಜಾಗವೇ ಹೋಗುತ್ತಿದೆ ಎಂದರೂ ಇಲ್ಲ.

ಅದಕ್ಕೆ ನಾನೇ ಹೇಳಿದೆ. ಆ ಹುಡುಗಿ ಯಾರ ಹೆಜ್ಜೆಗೆ ಹೆದರಿದ್ದಳು ಎಂಬುದನ್ನೂ ಸೇರಿಸಿ, ದಾರಿಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ ಹೇಳಿದೆ. ಟೈಪಿಸ್ಟ್ ಮೇಲಿನಿಂದ ಬಗ್ಗಿ ನೋಡಿದ. ಯಜಮಾನರು ಬಗ್ಗಿ ಇಕ್ಕಳದಲ್ಲಿದ್ದ ಕೀಗಳನ್ನು ನೋಡಿದರು. ನಮ್ಮ ಹಿಂದಿನ ಬಾಗಿಲ ಬೀಗವೂ ಬಿಗಿಯಾಗಿದೆ, ಆಮೇಲೆ ಬಂದು ನೋಡು ಎಂದು ಹೇಳಿ ತಿರುಗಿದರು.

ಅವರು ಒಳಗೆ ಹೋದ ಮೇಲೆ ಬೀಗದಪ್ಪ ಹೊಸ ಕೀಯ ಮೇಲಿನ ಪುಡಿಯನ್ನು ಊದಿ, ಎರಡನ್ನೂ ದಾರಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟ. ಏನಾದರೂ ಹೇಳುತ್ತಾನೆ ಎಂದು ಕಾದೆ. ಒಂದು ಒಳ್ಳೆಯ ಮಾತಿನ ಆಸೆ ನನಗೂ ಇತ್ತು, ಇಲ್ಲವೆನ್ನಲಾರೆ.

"ಹಿಂದಿನ ಬೀದಿ ಕಿರಾಣಿ ಅಂಗಡೀಲೂ ಆಡ್ತಿದಾರಂತೆ ಅಕ್ಕ. ಹಾಲಿನ ಬೂತಿನಲ್ಲೂ."

ನಾನು ನನ್ನ ಮೇಜಿಗೆ ಬಂದು, ಉರಿಯುತ್ತಿದ್ದ ಕೆಂಡವನ್ನು ಬೂದಿಯಿಂದ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಯ ಕಡೆ ಹೊರಟೆ.